ಸ್ತನ ಸಮತೋಲನ ಶಸ್ತ್ರಚಿಕಿತ್ಸೆ

ಸ್ತನ ಸಮತೋಲನ ಶಸ್ತ್ರಚಿಕಿತ್ಸೆಯು ಕ್ಯಾನ್ಸರ್ ಕಾರಣದಿಂದ ಒಂದು ಸ್ತನವನ್ನು ತೆಗೆದು ಅದರ ಸ್ಥಾನದಲ್ಲಿ ಹೊಸ ಸ್ತನವನ್ನು ರೂಪಿಸಿದ ಬಳಿಕ, ಎರಡೂ ಕಡೆಯ ಗಾತ್ರ, ಆಕಾರ, ಎತ್ತರ ಹಾಗೂ ತೊಟ್ಟಿನ ಸ್ಥಾನವನ್ನು ಸಾಧ್ಯವಾದಷ್ಟು ಸರಿಹೊಂದಿಸಲು ಮಾಡುವ ಶಸ್ತ್ರಚಿಕಿತ್ಸೆಯಾಗಿದೆ. ಬಹುತೇಕ ಸಂದರ್ಭಗಳಲ್ಲಿ ಇದು ರೋಗವಿಲ್ಲದ ಇನ್ನೊಂದು ಸ್ತನದ ಮೇಲೆ ನಡೆಯುತ್ತದೆ. ಆ ಸ್ತನವನ್ನು ಕುಗ್ಗಿಸುವುದು, ಮೇಲಕ್ಕೆ ಎತ್ತುವುದು ಅಥವಾ ಹಿಗ್ಗಿಸುವುದು ಇದರ ಮುಖ್ಯ ವಿಧಾನಗಳು. ಕೆಲವೊಮ್ಮೆ ಪುನರ್ನಿರ್ಮಿಸಿದ ಸ್ತನವನ್ನೇ ತಿದ್ದಲಾಗುತ್ತದೆ; ಕೆಲವೊಮ್ಮೆ ಎರಡೂ ಕಡೆ ಕೆಲಸ ಬೇಕಾಗುತ್ತದೆ.

ಆರೋಗ್ಯವಂತ ಸ್ತನದ ಮೇಲೆ ನಡೆಯುವುದರಿಂದ ಈ ಶಸ್ತ್ರಚಿಕಿತ್ಸೆಯನ್ನು ಸೌಂದರ್ಯವರ್ಧನೆಯೆಂದು ಭಾವಿಸುವುದುಂಟು. ವೈದ್ಯಕೀಯದಲ್ಲಿ ಇದನ್ನು ಸ್ತನ ಪುನರ್ನಿರ್ಮಾಣದ ಒಂದು ಹಂತವೆಂದು ಪರಿಗಣಿಸಲಾಗುತ್ತದೆ. ಈ ವ್ಯತ್ಯಾಸವು ಚಿಕಿತ್ಸೆಯ ವೆಚ್ಚವನ್ನು ಯಾರು ಭರಿಸಬೇಕು ಎಂಬ ಪ್ರಶ್ನೆಯೊಂದಿಗೆ ನೇರವಾಗಿ ಸೇರಿಕೊಂಡಿದೆ.

## ಪರಿಭಾಷೆ

ಸ್ತನವನ್ನು ಸಂಪೂರ್ಣವಾಗಿ ತೆಗೆಯುವ ಶಸ್ತ್ರಚಿಕಿತ್ಸೆಗೆ ಮ್ಯಾಸ್ಟೆಕ್ಟಮಿ ಅಥವಾ ಸ್ತನಛೇದನ ಎಂದು ಹೆಸರು. ಗಂಟನ್ನು ಮತ್ತು ಅದರ ಸುತ್ತಲಿನ ಸ್ವಲ್ಪ ಅಂಗಾಂಶವನ್ನು ಮಾತ್ರ ತೆಗೆದು ಉಳಿದ ಸ್ತನವನ್ನು ಉಳಿಸಿಕೊಳ್ಳುವುದು ಸ್ತನ ಸಂರಕ್ಷಣಾ ಶಸ್ತ್ರಚಿಕಿತ್ಸೆ. ತೆಗೆದ ಸ್ತನದ ಜಾಗದಲ್ಲಿ ಸಿಲಿಕೋನ್ ಇಂಪ್ಲಾಂಟ್ ಇಟ್ಟು ಅಥವಾ ರೋಗಿಯ ಹೊಟ್ಟೆ, ಬೆನ್ನು ಮುಂತಾದ ಕಡೆಯಿಂದ ತಂದ ಅಂಗಾಂಶದಿಂದ ಹೊಸ ಸ್ತನವನ್ನು ರೂಪಿಸುವುದು ಸ್ತನ ಪುನರ್ನಿರ್ಮಾಣ. ಹೀಗೆ ಸ್ಥಳಾಂತರಿಸಿದ ಚರ್ಮ, ಕೊಬ್ಬು ಅಥವಾ ಸ್ನಾಯುವಿನ ತುಂಡನ್ನು ಫ್ಲ್ಯಾಪ್ ಎನ್ನುತ್ತಾರೆ.

## ಅಸಮತೋಲನಕ್ಕೆ ಕಾರಣಗಳು

ಯಾವ ಮಹಿಳೆಯ ಎರಡು ಸ್ತನಗಳೂ ಸಹಜವಾಗಿಯೇ ಸಂಪೂರ್ಣ ಒಂದೇ ತೆರನಾಗಿ ಇರುವುದಿಲ್ಲ. ಆದರೆ ಒಂದು ಸ್ತನವನ್ನು ತೆಗೆದು ಮತ್ತೆ ಕಟ್ಟಿದಾಗ ಈ ಅಂತರ ಎದ್ದು ಕಾಣುವಷ್ಟಾಗಬಹುದು. ಇದಕ್ಕೆ ಹಲವು ಕಾರಣಗಳಿವೆ.

* ಸಹಜ ಸ್ತನವು ವಯಸ್ಸು, ಹೆರಿಗೆ, ಹಾಲೂಡಿಕೆ ಮತ್ತು ತೂಕದ ಏರಿಳಿತದೊಂದಿಗೆ ಜೋತು ಬೀಳುತ್ತದೆ. ಇಂಪ್ಲಾಂಟ್ ಇಟ್ಟು ಕಟ್ಟಿದ ಸ್ತನವು ದುಂಡಗೆ, ಎದೆಯ ಮೇಲ್ಭಾಗದಲ್ಲಿ ಬಿಗಿಯಾಗಿ ನಿಲ್ಲುತ್ತದೆ.
* ದೊಡ್ಡ ಸ್ತನವುಳ್ಳವರಲ್ಲಿ ಅಷ್ಟೇ ಗಾತ್ರದ ಹೊಸ ಸ್ತನವನ್ನು ರೂಪಿಸಲು ಬೇಕಾದಷ್ಟು ಚರ್ಮ ಅಥವಾ ಕೊಬ್ಬು ದೊರೆಯದಿರಬಹುದು.
* ವಿಕಿರಣ ಚಿಕಿತ್ಸೆಯಿಂದ ಚರ್ಮ ಮತ್ತು ಅಂಗಾಂಶಗಳು ಗಟ್ಟಿಯಾಗಿ ಕುಗ್ಗುತ್ತವೆ. ಈ ಬದಲಾವಣೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಂದುವರಿಯುತ್ತದೆ.
* ಇಂಪ್ಲಾಂಟ್‌ನ ಸುತ್ತ ದೇಹವು ಸಹಜವಾಗಿ ಒಂದು ಪೊರೆಯನ್ನು ಕಟ್ಟಿಕೊಳ್ಳುತ್ತದೆ. ಆ ಪೊರೆ ಬಿಗಿದುಕೊಂಡರೆ ಸ್ತನವು ಗಟ್ಟಿಯಾಗಿ ಮೇಲಕ್ಕೆ ಸರಿಯುತ್ತದೆ.
* ತೂಕ ಹೆಚ್ಚಿದಾಗ ಅಥವಾ ಇಳಿದಾಗ ಸಹಜ ಸ್ತನ ಮತ್ತು ಫ್ಲ್ಯಾಪ್‌ನಿಂದ ಕಟ್ಟಿದ ಸ್ತನ ಬದಲಾಗುತ್ತವೆ, ಇಂಪ್ಲಾಂಟ್ ಬದಲಾಗುವುದಿಲ್ಲ.

ಅಸಮತೋಲನವು ನೋಟಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಭಾರವಾದ ಒಂದು ಸ್ತನವು ಒಂದೇ ಕಡೆ ಎಳೆಯುವುದರಿಂದ ಕೆಲವರಲ್ಲಿ ಕುತ್ತಿಗೆ, ಭುಜ ಮತ್ತು ಬೆನ್ನಿನ ನೋವು ಕಾಣಿಸುತ್ತದೆ. ಬ್ರಾ ಪಟ್ಟಿಯು ಒಂದು ಭುಜದ ಮೇಲೆ ಒತ್ತುತ್ತದೆ. ರವಿಕೆ ಒಂದು ಕಡೆ ಬಿಗಿದು ಇನ್ನೊಂದು ಕಡೆ ಸಡಿಲವಾಗುತ್ತದೆ. ಬಗ್ಗಿ ನಾಟಿ ಮಾಡುವ, ಕಳೆ ಕೀಳುವ, ನೀರು ಹೊರುವ ಮಹಿಳೆಯರಿಗೆ ಸೆರಗು ಜಾರುವ ಅಳುಕೂ ಒಳಗೆ ಇಟ್ಟುಕೊಂಡ ಪ್ಯಾಡ್ ಸರಿಯುವ ಅಳುಕೂ ನಿತ್ಯದ ತೊಂದರೆಯಾಗುತ್ತವೆ.

## ವಿಧಾನಗಳು

### ಸ್ತನ ಕುಗ್ಗಿಸುವಿಕೆ

ಸಹಜ ಸ್ತನವು ಪುನರ್ನಿರ್ಮಿತ ಸ್ತನಕ್ಕಿಂತ ದೊಡ್ಡದಾಗಿದ್ದರೆ ಅದರಿಂದ ಹೆಚ್ಚುವರಿ ಗ್ರಂಥಿ, ಕೊಬ್ಬು ಮತ್ತು ಚರ್ಮವನ್ನು ತೆಗೆಯಲಾಗುತ್ತದೆ. ತೊಟ್ಟನ್ನು ರಕ್ತನಾಳಗಳಿರುವ ಅಂಗಾಂಶದ ಬುಡಕ್ಕೆ ಅಂಟಿಕೊಂಡಂತೆಯೇ ಉಳಿಸಿಕೊಂಡು ಮೇಲಿನ ಹೊಸ ಸ್ಥಾನಕ್ಕೆ ಸರಿಸುತ್ತಾರೆ. ಕತ್ತರಿಸುವ ಗೆರೆಯು ತೊಟ್ಟಿನ ಸುತ್ತ ವರ್ತುಲಾಕಾರವಾಗಿ, ಅಲ್ಲಿಂದ ಕೆಳಕ್ಕೆ ನೇರವಾಗಿ, ದೊಡ್ಡ ಸ್ತನಗಳಲ್ಲಿ ಕೆಳಗಿನ ಮಡಿಕೆಯ ಉದ್ದಕ್ಕೂ ಸಾಗುತ್ತದೆ. ಈ ಲಂಗರಿನಾಕಾರದ ವಿನ್ಯಾಸವು 1956ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ವೈಸ್ ಪ್ರಕಟಿಸಿದ ನಕ್ಷೆಯನ್ನು ಆಧರಿಸಿದೆ.

### ಸ್ತನ ಎತ್ತುವಿಕೆ

ಗಾತ್ರವು ಸರಿಸುಮಾರು ಸಮವಾಗಿದ್ದು ಸಹಜ ಸ್ತನವು ಜೋತುಬಿದ್ದಿದ್ದರೆ, ಹೆಚ್ಚುವರಿ ಚರ್ಮವನ್ನು ತೆಗೆದು, ಗ್ರಂಥಿಯನ್ನು ಮರುಜೋಡಿಸಿ, ತೊಟ್ಟನ್ನು ಮೇಲಕ್ಕೆ ತರಲಾಗುತ್ತದೆ. ಇದಕ್ಕೆ ಮ್ಯಾಸ್ಟೋಪೆಕ್ಸಿ ಎಂದು ಹೆಸರು.

### ಸ್ತನ ಹಿಗ್ಗಿಸುವಿಕೆ

ಸಹಜ ಸ್ತನವು ಪುನರ್ನಿರ್ಮಿತ ಸ್ತನಕ್ಕಿಂತ ಚಿಕ್ಕದಾಗಿದ್ದರೆ ಅದರ ಅಡಿಯಲ್ಲಿ ಚಿಕ್ಕ ಇಂಪ್ಲಾಂಟ್ ಇಡಬಹುದು. ಆದರೆ ಇಂಪ್ಲಾಂಟ್ ಜೀವಮಾನವಿಡೀ ಬಾಳುವ ಸಾಧನವಲ್ಲ. ಅದನ್ನು ಮುಂದೆ ಬದಲಿಸಬೇಕಾಗಬಹುದು. ಅದು ಮ್ಯಾಮೊಗ್ರಾಂ ಚಿತ್ರದಲ್ಲಿ ಸ್ತನದ ಒಂದು ಭಾಗವನ್ನು ಮರೆಮಾಡುವುದರಿಂದ ಹೆಚ್ಚುವರಿ ಕೋನಗಳಿಂದ ಚಿತ್ರ ತೆಗೆಯಬೇಕಾಗುತ್ತದೆ.

### ಕೊಬ್ಬಿನ ವರ್ಗಾವಣೆ

ಹೊಟ್ಟೆ ಅಥವಾ ತೊಡೆಯಿಂದ ಸಣ್ಣ ನಳಿಕೆಯ ಮೂಲಕ ಹೀರಿದ ಕೊಬ್ಬನ್ನು ಶುದ್ಧೀಕರಿಸಿ, ತಗ್ಗಿರುವ ಜಾಗಕ್ಕೆ ಸ್ವಲ್ಪ ಸ್ವಲ್ಪವಾಗಿ ತುಂಬಲಾಗುತ್ತದೆ. ಹೀಗೆ ತುಂಬಿದ ಕೊಬ್ಬಿನ ಸುಮಾರು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ದೇಹವು ಹೀರಿಕೊಳ್ಳುವುದರಿಂದ ಒಂದಕ್ಕಿಂತ ಹೆಚ್ಚು ಬಾರಿ ಮಾಡಬೇಕಾಗಬಹುದು. ಪುನರ್ನಿರ್ಮಿತ ಸ್ತನದ ಅಂಚಿನಲ್ಲಿ ಉಳಿದ ಹಳ್ಳಗಳನ್ನು ತುಂಬಲು ಈ ವಿಧಾನ ಹೆಚ್ಚಾಗಿ ಬಳಕೆಯಲ್ಲಿದೆ.

### ಪುನರ್ನಿರ್ಮಿತ ಸ್ತನದ ತಿದ್ದುಪಡಿ ಮತ್ತು ತೊಟ್ಟಿನ ರಚನೆ

ಫ್ಲ್ಯಾಪ್‌ನಿಂದ ಕಟ್ಟಿದ ಸ್ತನವು ದೊಡ್ಡದಾಗಿದ್ದರೆ ಅದರ ಕೊಬ್ಬನ್ನು ಹೀರಿ ಕುಗ್ಗಿಸಬಹುದು. ಇಂಪ್ಲಾಂಟ್ ಸ್ಥಳ ತಪ್ಪಿದ್ದರೆ ಅದರ ಚೀಲವನ್ನು ಹೊಲಿದು ಸರಿಪಡಿಸಬಹುದು. ಸಮತೋಲನ ಸಾಧಿಸಿದ ಬಳಿಕ ಕೊನೆಯ ಹಂತದಲ್ಲಿ ತೊಟ್ಟನ್ನು ಸ್ಥಳೀಯ ಚರ್ಮದಿಂದಲೇ ಮಡಚಿ ರೂಪಿಸಿ, ಸುತ್ತಲಿನ ಕಂದು ವರ್ತುಲವನ್ನು ವೈದ್ಯಕೀಯ ಹಚ್ಚೆಯಿಂದ ಮೂಡಿಸಲಾಗುತ್ತದೆ. ತೊಟ್ಟನ್ನು ಮೊದಲೇ ರೂಪಿಸಿ ಅನಂತರ ಇನ್ನೊಂದು ಸ್ತನವನ್ನು ತಿದ್ದಿದರೆ ಎರಡೂ ತೊಟ್ಟುಗಳು ಬೇರೆ ಬೇರೆ ಎತ್ತರದಲ್ಲಿ ಉಳಿಯುವ ಸಂಭವವಿರುವುದೇ ಈ ಕ್ರಮಕ್ಕೆ ಕಾರಣ.

## ಸಮಯದ ಆಯ್ಕೆ

ಸಮತೋಲನ ಶಸ್ತ್ರಚಿಕಿತ್ಸೆಯನ್ನು ಪುನರ್ನಿರ್ಮಾಣದ ಜೊತೆಗೇ ಮಾಡಬಹುದು ಅಥವಾ ಮುಂದೂಡಬಹುದು. ಒಟ್ಟಿಗೆ ಮಾಡಿದರೆ ಅರಿವಳಿಕೆ, ಆಸ್ಪತ್ರೆ ವಾಸ ಮತ್ತು ಪ್ರಯಾಣ ಒಂದೇ ಬಾರಿಗೆ ಮುಗಿಯುತ್ತವೆ. ಆದರೆ ಹೊಸ ಸ್ತನದ ಅಂತಿಮ ಆಕಾರ ಆಗಿನ್ನೂ ತಿಳಿದಿರುವುದಿಲ್ಲ. ಮುಂದೆ ವಿಕಿರಣ ಚಿಕಿತ್ಸೆ ನಡೆದು ಅದು ಕುಗ್ಗಿದರೆ ಸಾಧಿಸಿದ ಸಮತೋಲನ ಮತ್ತೆ ತಪ್ಪುತ್ತದೆ. ಅಲ್ಲದೆ, ಆರೋಗ್ಯವಂತ ಸ್ತನದ ಗಾಯ ಮಾಯುವುದು ತಡವಾದರೆ ಕೀಮೋಥೆರಪಿ ಅಥವಾ ವಿಕಿರಣ ಚಿಕಿತ್ಸೆಯೂ ತಡವಾಗುವ ಅಪಾಯವಿದೆ.

ಆದುದರಿಂದ ಮುಂದೆ ವಿಕಿರಣ ಚಿಕಿತ್ಸೆ ಬೇಕಾಗಬಹುದಾದವರಲ್ಲಿ ಸಮತೋಲನವನ್ನು ಮುಂದೂಡುವ ಪದ್ಧತಿ ಹೆಚ್ಚು. ಪುನರ್ನಿರ್ಮಾಣದ ಬಳಿಕ ಊತ ಇಳಿದು ಆಕಾರ ನೆಲೆಗೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಇನ್ನೂ ಹೆಚ್ಚು ಕಾಲ ಕಾಯಲಾಗುತ್ತದೆ. ಎಲ್ಲ ಸಂದರ್ಭಗಳಲ್ಲೂ ಕ್ಯಾನ್ಸರ್ ಚಿಕಿತ್ಸೆಗೆ ಮೊದಲ ಸ್ಥಾನ. ಸಮತೋಲನವು ಅದರ ವೇಳಾಪಟ್ಟಿಗೆ ಹೊಂದಿಕೊಳ್ಳಬೇಕು.

## ಪೂರ್ವಸಿದ್ಧತೆ

ಶಸ್ತ್ರಚಿಕಿತ್ಸೆಗೆ ಮೊದಲು ಇನ್ನೊಂದು ಸ್ತನದ ಮ್ಯಾಮೊಗ್ರಾಂ, ಅಗತ್ಯವಿದ್ದರೆ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಪರೀಕ್ಷೆ ಮಾಡಿ ಅಲ್ಲಿ ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಲಾಗುತ್ತದೆ. ಒಂದು ಸ್ತನದಲ್ಲಿ ಕ್ಯಾನ್ಸರ್ ಬಂದವರಿಗೆ ಇನ್ನೊಂದರಲ್ಲಿಯೂ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು. ಬಿ.ಆರ್.ಸಿ.ಎ. 1 ಅಥವಾ ಬಿ.ಆರ್.ಸಿ.ಎ. 2 ವಂಶವಾಹಿಯಲ್ಲಿ ದೋಷವಿರುವವರಿಗೆ ಆ ಅಪಾಯ ಇನ್ನೂ ಹೆಚ್ಚಾಗಿರುವುದರಿಂದ, ಸ್ತನವನ್ನು ತಿದ್ದುವ ಬದಲು ಮುಂಜಾಗ್ರತೆಯಾಗಿ ತೆಗೆದು ಎರಡನ್ನೂ ಒಟ್ಟಿಗೆ ಪುನರ್ನಿರ್ಮಿಸುವ ಆಯ್ಕೆಯನ್ನು ಚರ್ಚಿಸಲಾಗುತ್ತದೆ.

ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯುವುದನ್ನು ತಡೆಯುತ್ತದೆ. ಆದ್ದರಿಂದ ಕನಿಷ್ಠ 4 ವಾರ ಮೊದಲೇ ತಂಬಾಕನ್ನು ಬಿಡುವಂತೆ ಸೂಚಿಸಲಾಗುತ್ತದೆ. ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕಿಕೊಳ್ಳುವವರಿಗೂ ಇದು ಅನ್ವಯಿಸುತ್ತದೆ. ಸೇದುವುದಿಲ್ಲ ಎಂಬ ಕಾರಣಕ್ಕೆ ಇದನ್ನು ವೈದ್ಯರಿಗೆ ತಿಳಿಸದೆ ಬಿಡಬಾರದು. ಮಧುಮೇಹ ಮತ್ತು ರಕ್ತಹೀನತೆಯನ್ನು ಹತೋಟಿಗೆ ತರಬೇಕು. ಟ್ಯಾಮೋಕ್ಸಿಫೆನ್ ಮಾತ್ರೆಯು ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಹೆಚ್ಚಿಸುವುದರಿಂದ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂಬುದನ್ನು ಕ್ಯಾನ್ಸರ್ ವೈದ್ಯರು ನಿರ್ಧರಿಸುತ್ತಾರೆ. ರೋಗಿಯು ತಾನಾಗಿ ಮಾತ್ರೆ ನಿಲ್ಲಿಸಬಾರದು.

ಅಳತೆ ಮತ್ತು ಗುರುತುಗಳನ್ನು ರೋಗಿಯು ನಿಂತಿರುವಾಗ ಅಥವಾ ಕುಳಿತಿರುವಾಗ ಹಾಕಲಾಗುತ್ತದೆ. ಮಲಗಿದಾಗ ಸಹಜ ಸ್ತನವು ಪಕ್ಕಕ್ಕೆ ಹರಡಿಕೊಳ್ಳುವುದರಿಂದ ನಿಜವಾದ ಅಂತರ ತಿಳಿಯುವುದಿಲ್ಲ.

## ಚೇತರಿಕೆ

ಎತ್ತುವಿಕೆ ಮತ್ತು ಕುಗ್ಗಿಸುವಿಕೆಯನ್ನು ಸಾಮಾನ್ಯವಾಗಿ ಪೂರ್ಣ ಅರಿವಳಿಕೆಯಲ್ಲಿ ಮಾಡುತ್ತಾರೆ. ರೋಗಿಯು ಅದೇ ದಿನ ಅಥವಾ ಒಂದೆರಡು ದಿನಗಳಲ್ಲಿ ಮನೆಗೆ ಮರಳಬಹುದು. ದ್ರವ ಹೊರಹೋಗಲು ಇಟ್ಟ ಕೊಳವೆಯಿದ್ದರೆ ಅದನ್ನು ಕೆಲವೇ ದಿನಗಳಲ್ಲಿ ತೆಗೆಯುತ್ತಾರೆ. ತಂತಿಯಿಲ್ಲದ ಬಿಗಿಯಾದ ಬ್ರಾವನ್ನು ಕೆಲವು ವಾರ ಹಗಲು ರಾತ್ರಿ ಧರಿಸಬೇಕು. ಸುಮಾರು 4ರಿಂದ 6 ವಾರ ಭಾರ ಎತ್ತುವುದು, ನೀರು ಸೇದುವುದು, ಬಟ್ಟೆ ಒಗೆಯುವುದು, ಹೊಲದ ಕೆಲಸ ಇವುಗಳಿಂದ ದೂರವಿರಬೇಕು. ಗಾಯದ ಕಲೆಯು ಮೊದಲು ಕೆಂಪಾಗಿ ಗಟ್ಟಿಯಾಗಿದ್ದು, ಮಾಸಲು ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

## ತೊಡಕುಗಳು

ಕೀವು, ರಕ್ತ ಶೇಖರಣೆ ಮತ್ತು ಹೊಲಿಗೆ ಬಿಟ್ಟುಕೊಳ್ಳುವುದು ಸಾಮಾನ್ಯ ತೊಡಕುಗಳು. ತೊಟ್ಟಿನ ಸ್ಪರ್ಶಜ್ಞಾನ ಕಡಿಮೆಯಾಗಬಹುದು. ಅಪರೂಪಕ್ಕೆ ರಕ್ತಸಂಚಾರ ಸಾಲದೆ ತೊಟ್ಟಿನ ಒಂದು ಭಾಗ ಅಥವಾ ಇಡೀ ತೊಟ್ಟು ನಷ್ಟವಾಗುತ್ತದೆ. ಕುಗ್ಗಿಸುವಿಕೆಯ ಬಳಿಕ ಆ ಸ್ತನದಿಂದ ಮುಂದೆ ಹಾಲೂಡಿಸುವ ಸಾಮರ್ಥ್ಯ ಕುಂದಬಹುದು. ಕೆಲವರಲ್ಲಿ ಕಲೆಯು ಉಬ್ಬಿ ಕೀಲಾಯ್ಡ್ ಆಗುತ್ತದೆ.

ಒರಟು ಮೇಲ್ಮೈಯ ಇಂಪ್ಲಾಂಟ್‌ಗಳಿಗೆ ಸಂಬಂಧಿಸಿದಂತೆ ಒಂದು ಅಪರೂಪದ ಲಿಂಫೋಮಾ ಕಂಡುಬಂದಿದೆ. ಇದನ್ನು ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಪ್ರತ್ಯೇಕ ರೋಗವಾಗಿ ಗುರುತಿಸಿತು. 2019ರ ಜುಲೈನಲ್ಲಿ ಅಲರ್ಗಾನ್ ಕಂಪನಿಯು ಅಂತಹ ಒಂದು ಬಗೆಯ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂಪಡೆಯಿತು.

ಎಷ್ಟೇ ಯಶಸ್ವಿಯಾದ ಶಸ್ತ್ರಚಿಕಿತ್ಸೆಯೂ ಶಾಶ್ವತ ಸಮತೋಲನವನ್ನು ನೀಡುವುದಿಲ್ಲ. ವಯಸ್ಸಿನೊಂದಿಗೆ ಸಹಜ ಸ್ತನವು ಮತ್ತೆ ಬದಲಾಗುತ್ತದೆ. ಉಡುಪು ಧರಿಸಿದಾಗ ಸಮವಾಗಿ ಕಾಣುವುದು ಸಾಮಾನ್ಯವಾಗಿ ಸಾಧಿಸಬಹುದಾದ ಗುರಿ. ಉಡುಪಿಲ್ಲದೆ ಎರಡೂ ಒಂದೇ ರೀತಿ ಕಾಣುವುದು ಅಪರೂಪ.

## ಕ್ಯಾನ್ಸರ್ ನಿಗಾ

ಕುಗ್ಗಿಸುವಾಗ ತೆಗೆದ ಅಂಗಾಂಶವನ್ನು ಎಸೆಯದೆ ರೋಗಶಾಸ್ತ್ರ ಪರೀಕ್ಷೆಗೆ ಕಳುಹಿಸಬೇಕು. ಮ್ಯಾಮೊಗ್ರಾಂನಲ್ಲಿ ಕಾಣದ ಕ್ಯಾನ್ಸರ್ ಅಥವಾ ಕ್ಯಾನ್ಸರ್‌ಪೂರ್ವ ಬದಲಾವಣೆ ಸಣ್ಣ ಪ್ರಮಾಣದ ರೋಗಿಗಳಲ್ಲಿ ಹೀಗೆ ಪತ್ತೆಯಾಗುತ್ತದೆ. ಯಾವ ತುಂಡನ್ನು ಸ್ತನದ ಯಾವ ಭಾಗದಿಂದ ತೆಗೆಯಲಾಯಿತು ಎಂಬುದನ್ನು ಗುರುತಿಸಿ ಕಳುಹಿಸಿದರೆ ಮುಂದಿನ ಚಿಕಿತ್ಸೆ ಸುಲಭವಾಗುತ್ತದೆ.

ಶಸ್ತ್ರಚಿಕಿತ್ಸೆಯ ಬಳಿಕ ಸ್ತನದೊಳಗೆ ಕಲೆ, ಸುಣ್ಣದ ಕಣಗಳು ಮತ್ತು ಕೊಬ್ಬು ಸತ್ತು ಆದ ಗಂಟುಗಳು ಉಳಿಯಬಹುದು. ಇವು ಕ್ಯಾನ್ಸರಿನಂತೆ ತೋರಿ ಬಯಾಪ್ಸಿಯ ಅಗತ್ಯ ಉಂಟುಮಾಡುತ್ತವೆ. ಈ ಕಾರಣದಿಂದ ಎಲ್ಲ ಬದಲಾವಣೆಗಳು ನೆಲೆಗೊಂಡ ಬಳಿಕ ಹೊಸ ಮ್ಯಾಮೊಗ್ರಾಂ ತೆಗೆಸಿ ಮುಂದಿನ ವರ್ಷಗಳ ಹೋಲಿಕೆಗಾಗಿ ಇಟ್ಟುಕೊಳ್ಳುವುದು ರೂಢಿ. ಸಮತೋಲನ ಶಸ್ತ್ರಚಿಕಿತ್ಸೆಗೆ ಒಳಗಾದ ಸ್ತನಕ್ಕೂ ನಿಯಮಿತ ತಪಾಸಣೆ ತಪ್ಪಬಾರದು.

## ಇತಿಹಾಸ

ಸ್ತನ ಪುನರ್ನಿರ್ಮಾಣದ ದಾಖಲಾದ ಮೊದಲ ಪ್ರಯತ್ನದ ಉದ್ದೇಶವೇ ಸಮತೋಲನವಾಗಿತ್ತು. ಜರ್ಮನಿಯ ಹೈಡೆಲ್‌ಬರ್ಗ್‌ನ ಶಸ್ತ್ರವೈದ್ಯ ವಿನ್ಸೆನ್ಸ್ ಚೆರ್ನಿ, ಗಂಟಿನ ಕಾರಣ ಸ್ತನದ ಗ್ರಂಥಿಯನ್ನು ತೆಗೆಯಬೇಕಾದ ಗಾಯಕಿಯೊಬ್ಬರಿಗೆ ಅವರದೇ ದೇಹದ ಕೊಬ್ಬಿನ ಗಡ್ಡೆಯನ್ನು ಸ್ತನದ ಜಾಗಕ್ಕೆ ವರ್ಗಾಯಿಸಿ, ಅದನ್ನು 1895ರಲ್ಲಿ ವರದಿ ಮಾಡಿದರು. ಅದೇ ಕಾಲದಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಸ್ತನದೊಂದಿಗೆ ಎದೆಯ ಸ್ನಾಯುಗಳನ್ನೂ ತೆಗೆಯುವ ವಿಧಾನವನ್ನು ಪ್ರಚಾರಕ್ಕೆ ತಂದರು. ಮುಂದಿನ ಹಲವು ದಶಕಗಳ ಕಾಲ ಅದೇ ಮುಖ್ಯ ಚಿಕಿತ್ಸೆಯಾಗಿ ಉಳಿದು ಪುನರ್ನಿರ್ಮಾಣ ಹಿಂದೆ ಸರಿಯಿತು.

1962ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಮೊದಲ ಸಿಲಿಕೋನ್ ಇಂಪ್ಲಾಂಟ್ ಅಳವಡಿಸಿದರು. 1982ರಲ್ಲಿ ಕಾರ್ಲ್ ಹಾರ್ಟ್‌ರಾಂಪ್ ಹೊಟ್ಟೆಯ ಸ್ನಾಯು ಮತ್ತು ಕೊಬ್ಬಿನಿಂದ ಸ್ತನ ಕಟ್ಟುವ ವಿಧಾನವನ್ನು ಪ್ರಕಟಿಸಿದರು. 1990ರ ದಶಕದಲ್ಲಿ ಹೊಟ್ಟೆಯ ಸ್ನಾಯುವನ್ನು ಉಳಿಸಿ ಚರ್ಮ ಮತ್ತು ಕೊಬ್ಬನ್ನು ಮಾತ್ರ ಬಳಸುವ ಸೂಕ್ಷ್ಮ ಶಸ್ತ್ರಚಿಕಿತ್ಸೆ ಬೆಳೆಯಿತು. ಹೊಸ ಸ್ತನವು ಹೆಚ್ಚು ಸಹಜವಾದಂತೆ ಅದಕ್ಕೆ ಇನ್ನೊಂದನ್ನು ಹೊಂದಿಸುವ ಕೆಲಸವೂ ಯೋಜನೆಯ ಭಾಗವಾಯಿತು.

## ಕರ್ನಾಟಕದಲ್ಲಿ

ಸ್ತನ ಕ್ಯಾನ್ಸರ್ ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಂಡುಬರುವ ಕ್ಯಾನ್ಸರ್. ಗ್ಲೋಬೊಕಾನ್ ಅಂದಾಜಿನ ಪ್ರಕಾರ 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳಿದ್ದವು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973ರಲ್ಲಿ ಆರಂಭವಾಯಿತು. ಅಲ್ಲಿ 1982ರಿಂದ ನಡೆಯುತ್ತಿರುವ ಬೆಂಗಳೂರು ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿಯಲ್ಲಿಯೂ ಸ್ತನ ಕ್ಯಾನ್ಸರ್ ಮಹಿಳೆಯರಲ್ಲಿ ಮೊದಲ ಸ್ಥಾನದಲ್ಲಿದೆ. ರೋಗವು ತಡವಾಗಿ ಪತ್ತೆಯಾಗುವುದರಿಂದ ಭಾರತದಲ್ಲಿ ಅನೇಕರಿಗೆ ಇಡೀ ಸ್ತನವನ್ನು ತೆಗೆಯಬೇಕಾಗುತ್ತದೆ. ಆದರೆ ಅವರಲ್ಲಿ ಪುನರ್ನಿರ್ಮಾಣಕ್ಕೆ ಒಳಗಾಗುವವರು ಕಡಿಮೆ. ಸಮತೋಲನದ ಹಂತದವರೆಗೆ ಬರುವವರು ಇನ್ನೂ ಕಡಿಮೆ.

ದೂರ ಇದಕ್ಕೆ ಒಂದು ಕಾರಣ. ತುಮಕೂರು ನಗರ, ಅದರ ಸಮೀಪದ ದೇವರಾಯನದುರ್ಗದ ಸುತ್ತಲಿನ ಹಳ್ಳಿಗಳು, ಗುಬ್ಬಿ ಹಾಗೂ ಕುಣಿಗಲ್ ತಾಲ್ಲೂಕುಗಳಿಗೆ ಕಿದ್ವಾಯಿ ಸಂಸ್ಥೆಯಿರುವ ಬೆಂಗಳೂರೇ ಹತ್ತಿರದ ದೊಡ್ಡ ಚಿಕಿತ್ಸಾ ಕೇಂದ್ರ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಕೀಮೋಥೆರಪಿಯ ಪ್ರತಿ ಸುತ್ತಿಗೂ, ವಾರಗಟ್ಟಲೆ ನಡೆಯುವ ವಿಕಿರಣ ಚಿಕಿತ್ಸೆಗೂ ಓಡಾಡಿ ಮುಗಿಸಿದ ಕುಟುಂಬಕ್ಕೆ, ಜೀವಕ್ಕೆ ಅಪಾಯವಿಲ್ಲದ ಮತ್ತೊಂದು ಶಸ್ತ್ರಚಿಕಿತ್ಸೆಯು ಅನಗತ್ಯವೆಂದು ತೋರುವುದು ಸಹಜ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದಾದ್ದರಿಂದ ಪ್ರಯಾಣದ ವೆಚ್ಚ ತಗ್ಗಿದೆ. ಕೂಲಿ ನಷ್ಟ, ಜೊತೆಗೆ ಬರುವವರ ಖರ್ಚು ಮತ್ತು ಮನೆಯ ಕೆಲಸದಿಂದ ವಾರಗಟ್ಟಲೆ ಬಿಡುವು ಪಡೆಯುವ ಕಷ್ಟ ಹಾಗೆಯೇ ಉಳಿದಿವೆ.

ಮಾಹಿತಿಯ ಕೊರತೆ ಇನ್ನೊಂದು ಕಾರಣ. ಸ್ತನವನ್ನು ತೆಗೆಯುವ ಮೊದಲೇ ಪ್ಲಾಸ್ಟಿಕ್ ಶಸ್ತ್ರವೈದ್ಯರನ್ನು ಭೇಟಿಯಾದರೆ ಚರ್ಮವನ್ನು ಎಷ್ಟು ಉಳಿಸಬಹುದು, ಇನ್ನೊಂದು ಸ್ತನಕ್ಕೆ ಏನು ಮಾಡಬೇಕು ಎಂಬುದನ್ನು ಒಟ್ಟಿಗೆ ಯೋಜಿಸಬಹುದು. ಆ ಅವಕಾಶ ತಪ್ಪಿದರೂ, ಪುನರ್ನಿರ್ಮಾಣವನ್ನೂ ಸಮತೋಲನವನ್ನೂ ವರ್ಷಗಳ ಬಳಿಕ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ.

## ವೆಚ್ಚ, ವಿಮೆ ಮತ್ತು ಕಾನೂನು

ಅಮೆರಿಕದಲ್ಲಿ 1998ರ ಮಹಿಳಾ ಆರೋಗ್ಯ ಮತ್ತು ಕ್ಯಾನ್ಸರ್ ಹಕ್ಕುಗಳ ಕಾಯ್ದೆಯು, ಸ್ತನಛೇದನಕ್ಕೆ ವಿಮೆ ನೀಡುವ ಯೋಜನೆಗಳು ಪುನರ್ನಿರ್ಮಾಣದ ಜೊತೆಗೆ ಸಮತೋಲನಕ್ಕಾಗಿ ಇನ್ನೊಂದು ಸ್ತನದ ಮೇಲೆ ಮಾಡುವ ಶಸ್ತ್ರಚಿಕಿತ್ಸೆಯ ವೆಚ್ಚವನ್ನೂ ಭರಿಸಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ.

ಭಾರತದಲ್ಲಿ ಇನ್ನೊಂದು ಸ್ತನವನ್ನು ಹೆಸರಿಸುವ ಅಂತಹ ಪ್ರತ್ಯೇಕ ಕಾಯ್ದೆಯಿಲ್ಲ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ಷರತ್ತಿನ ಪ್ರಕಾರ ಸೌಂದರ್ಯವರ್ಧಕ ಅಥವಾ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯನ್ನು ಆರೋಗ್ಯ ವಿಮೆಯಿಂದ ಹೊರಗಿಡಬಹುದು. ಆದರೆ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ಬಳಿಕದ ಪುನರ್ನಿರ್ಮಾಣಕ್ಕೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ರೋಗವಿಲ್ಲದ ಸ್ತನದ ಮೇಲಿನ ಶಸ್ತ್ರಚಿಕಿತ್ಸೆಯು ಈ ವಿನಾಯಿತಿಯೊಳಗೆ ಬರುತ್ತದೆಯೇ ಎಂಬುದನ್ನು ಷರತ್ತು ಬಿಡಿಸಿ ಹೇಳುವುದಿಲ್ಲ. ಹೀಗಾಗಿ ಇದು ಕ್ಯಾನ್ಸರ್ ಬಳಿಕದ ಪುನರ್ನಿರ್ಮಾಣದ ಭಾಗವೆಂದು ಚಿಕಿತ್ಸಾ ಯೋಜನೆಯಲ್ಲಿ ಆರಂಭದಲ್ಲಿಯೇ ಬರೆಸಿಕೊಳ್ಳುವುದು ಮತ್ತು ವಿಮಾ ಕಂಪನಿಯ ಪೂರ್ವಾನುಮತಿ ಪಡೆಯುವುದು ರೋಗಿಗೆ ಅನುಕೂಲ.

ರಾಜ್ಯದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು 2018ರಲ್ಲಿ ಜಾರಿಗೆ ಬಂದಿತು. ಇದರಲ್ಲಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವು ದೊರೆಯುತ್ತದೆ. ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ದೊರೆಯುತ್ತದೆ. ಯಾವ ಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿದೆ, ಶಿಫಾರಸು ಪತ್ರ ಬೇಕೇ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಿಂದ ತಿಳಿದುಕೊಳ್ಳಬಹುದು.

## ಪರ್ಯಾಯಗಳು ಮತ್ತು ಭಿನ್ನಾಭಿಪ್ರಾಯಗಳು

ಶಸ್ತ್ರಚಿಕಿತ್ಸೆ ಬೇಡವೆನ್ನುವವರು ಬ್ರಾ ಒಳಗೆ ಇಡುವ ಸಿಲಿಕೋನ್ ಕೃತಕ ಸ್ತನ, ಹತ್ತಿ ತುಂಬಿದ ಬಟ್ಟೆಯ ಪ್ಯಾಡ್ ಅಥವಾ ನೂಲಿನಿಂದ ಹೆಣೆದ ಹಗುರ ಪ್ಯಾಡ್ ಬಳಸಬಹುದು. ಸಣ್ಣ ಅಂತರವಿದ್ದರೆ ಒಂದು ಕಡೆ ತೆಳುವಾದ ಪ್ಯಾಡ್ ಹೊಲಿಸಿದ ರವಿಕೆಯೂ ಸಾಕಾಗುತ್ತದೆ. ಪುನರ್ನಿರ್ಮಾಣವನ್ನೇ ಬಯಸದೆ ಎದೆಯನ್ನು ಸಮತಟ್ಟಾಗಿ, ಚರ್ಮದ ಮಡಿಕೆಗಳಿಲ್ಲದಂತೆ ಹೊಲಿಸಿಕೊಳ್ಳುವುದೂ ಮಾನ್ಯವಾದ ಆಯ್ಕೆ.

ಸ್ತನ ಕ್ಯಾನ್ಸರಿಗೆ ಒಳಗಾಗಿದ್ದ ಅಮೆರಿಕದ ಕವಯಿತ್ರಿ ಆಡ್ರಿ ಲಾರ್ಡ್ 1980ರಲ್ಲಿ ಪ್ರಕಟವಾದ 'ದ ಕ್ಯಾನ್ಸರ್ ಜರ್ನಲ್ಸ್' ಕೃತಿಯಲ್ಲಿ, ಸ್ತನ ಕಳೆದುಕೊಂಡವರು ಅದನ್ನು ಮರೆಮಾಚಲೇಬೇಕೆಂಬ ಸಾಮಾಜಿಕ ಒತ್ತಡವನ್ನು ಟೀಕಿಸಿದರು. ಆರೋಗ್ಯವಂತ ಅಂಗಕ್ಕೆ ಶಸ್ತ್ರಕ್ರಿಯೆಯ ಅಪಾಯ ಒಡ್ಡುವುದು ಸರಿಯೇ ಎಂಬ ಪ್ರಶ್ನೆಯೂ ಇದೆ. ಇದಕ್ಕೆ ಪ್ರತಿಯಾಗಿ, ಎರಡು ಸ್ತನಗಳನ್ನು ಒಂದು ಜೋಡಿಯಾಗಿಯೇ ನೋಡಬೇಕು, ಅಸಮ ಸ್ತನಗಳೊಂದಿಗೆ ಬಿಟ್ಟುಬಿಟ್ಟ ಪುನರ್ನಿರ್ಮಾಣವು ಅಪೂರ್ಣ ಎಂಬುದು ಸಮತೋಲನ ಶಸ್ತ್ರಚಿಕಿತ್ಸೆಯನ್ನು ಬೆಂಬಲಿಸುವವರ ವಾದ. ಈ ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಕ್ಯಾನ್ಸರ್ ಚಿಕಿತ್ಸೆಯ ಫಲ ಕಡಿಮೆಯಾಗುವುದಿಲ್ಲ. ನಿರ್ಧಾರವು ಮಹಿಳೆಯದೇ ಆಗಿದ್ದು, ಅದನ್ನು ಕೈಗೊಳ್ಳಲು ನಿಗದಿತ ಗಡುವೇನೂ ಇಲ್ಲ.

## ಇವನ್ನೂ ನೋಡಿ

* ಸ್ತನ ಕ್ಯಾನ್ಸರ್
* ಮ್ಯಾಮೊಗ್ರಾಂ
* ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆ
* ವಿಕಿರಣ ಚಿಕಿತ್ಸೆ